ಚಿಗವ್ವನ ತುಸು

ಮೊನ್ನೆ ಹಾವೇರಿಯ ಮನೆಯಲ್ಲಿ ವರ್ಷದ ಮಸಾಲೆ ಖಾರಕ್ಕೆಂದು ಕಲ್ಲುಹೂವು ಹುರಿಯುತ್ತಿದ್ದೆ. ಎಣ್ಣೆಗೆ ಬಿದ್ದ ಕೂಡಲೇ ಒಣಮಣ್ಣಿನಂಥ, ಹೊಗೆಯಂಥ ಅದರ ವಾಸನೆ ಎದ್ದಿತು. ಬ್ಯಾಡಗಿಯ ನಮ್ಮ ಓಣಿ ನೆನಪಾಯಿತು, ಪಕ್ಕದ ಮನೆಯ ಚಿಗವ್ವ ಕಣ್ಣೆದುರು ಬಂದಳು. ಬಂದವಳು ಎಷ್ಟು ಹಾಕಬೇಕೆಂದು ಮಾತ್ರ ಹೇಳಲಿಲ್ಲ. ಬದುಕಿದ್ದಾಗಲೂ ಹೇಳಿದವಳಲ್ಲ.

ಅವಳು ನಮ್ಮ ಸಂಬಂಧಿಯಲ್ಲ. ನಾನು ಮದುವೆಯಾಗಿ ಆ ಓಣಿಗೆ ಹೋದಾಗ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಆಗಿನ್ನೂ ಓಣಿಯ ಒಂದೆರಡು ಮನೆಗೆ ಮಾತ್ರ ಮೊಬೈಲ್ ಬಂದಿತ್ತು. ಬೇಸಿಗೆಯಲ್ಲಿ ಯಾರ ಮನೆಯಲ್ಲಿ ಖಾರ ಮಾಡಿದರೂ ಒಲೆಯ ಮುಂದೆ ಅವಳೇ.

"ಚಿಗವ್ವಾ, ಲವಂಗ ಎಷ್ಟ ಹಾಕ್ಲಿ?"

"ತುಸು ಹಾಕು."

"ತುಸು ಅಂದ್ರ ಎಷ್ಟಬೇ?"

"ತುಸು ಅಂದ್ರ ತುಸು. ಕಲ್ಲುಹೂವು ಅದಕ್ಕಿಂತ ಜರಾ ಕಡಿಮಿ."

ನನಗೆ ರೇಗುತ್ತಿತ್ತು. "ಹಿಡಿ ಅನ್ನು, ವಾಟಗ ಅನ್ನು, ಏನರ ಒಂದ ಅನ್ನಬೇ" ಎಂದರೆ, "ನಿನ್ನ ಹಿಡಿ ನೋಡೀಯೇನು? ಗುಬ್ಬಿ ಕಾಲಿದ್ದಂಗೈತಿ" ಎಂದು ನಗುತ್ತಿದ್ದಳು.

ಊಟಕ್ಕೆ ಕೂತಾಗ ಮಾತ್ರ ಅವಳ ತುಸು ನಮಗೆಲ್ಲ ಚೆನ್ನಾಗಿ ತಿಳಿಯುತ್ತಿತ್ತು. ನಮ್ಮ ಕಡೆ ಎರಡನೇ ಸಲ ಬಡಿಸಲು ಬಂದವರಿಗೆ ಬೇಕು ಎನ್ನುವುದಿಲ್ಲ, ತುಸು ಎನ್ನುತ್ತಾರೆ. ಬಡಿಸುವವರು ಸೌಟು ತುಂಬಿಯೇ ಬಡಿಸುತ್ತಾರೆ. ನಿಜವಾಗಿ ತುಸುವೇ ಬಡಿಸಿದ ಮನೆಯ ಸುದ್ದಿ ಓಣಿಯಲ್ಲಿ ಬಹಳ ದಿನ ಓಡಾಡುತ್ತಿತ್ತು. ಚಿಗವ್ವನೂ "ತುಸು, ತುಸು" ಎನ್ನುತ್ತಲೇ ತಾಟನ್ನು ಮುಂದೆ ಸರಿಸುತ್ತಿದ್ದಳು...

ಒಂದು ಬೇಸಿಗೆ, ನಮ್ಮನೆಯ ಖಾರಕ್ಕೆ ಕೊಬ್ಬರಿ ಹುರಿಯುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಒತ್ತಾಯ ಮಾಡಿ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಎಷ್ಟ ನೋವೈತಿ ಯವ್ವಾ?" ಎಂದರು ಡಾಕ್ಟರು.

"ತುಸು ಐತ್ರಿ."

"ಎಷ್ಟ ದಿನಾ ಆತು?"

"ಈಗ ನಾಕೈದ ದಿನಾ ಆತ್ರಿ."

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಬರುವಾಗ ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದಳು. "ಬ್ಯಾನಿ ಹೆಚ್ಚಾತೇನಬೇ?" ಎಂದು ಕೇಳಿದೆ. "ಜರಾ" ಎಂದಳು.

ಹೊಟ್ಟೆಯಲ್ಲಿ ಗಡ್ಡೆ ಬಹಳ ಕಾಲದಿಂದ ಬೆಳೆಯುತ್ತಿತ್ತೆಂದು ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿದರು. ಮುಂದಿನ ಬೇಸಿಗೆಯ ಖಾರಕ್ಕೆ ಅವಳಿರಲಿಲ್ಲ.

ತಾಟಿನ ಮುಂದೆ ಅವಳ ತುಸುವನ್ನು ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನೋವಿನ ಮಾತಿನಲ್ಲಿ ಎಲ್ಲರೂ ನಂಬಿದೆವು. ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು "ಭಾಳ" ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಬಂದವರಿಗೆಲ್ಲ ಸೌಟು ತುಂಬಿ ಬಡಿಸಿದವಳಿಗೆ, ತನ್ನ ನೋವನ್ನು ಹೇಳುವಾಗ ಅದೆಂಥ ಸಂಕೋಚವೋ... ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಯಾರ ಮುಂದೆ ಇಳಿಸಲಿ?

ಮೊನ್ನೆಯ ಖಾರವೂ ಅವಳ ಕೈಯ ಖಾರದಂತೆ ಆಗಲಿಲ್ಲ. ಗಿರಣಿಯಲ್ಲಿ ಕುಟ್ಟಿಸಿ ತಂದು ಡಬ್ಬಿಗೆ ತುಂಬುತ್ತಿದ್ದಾಗ ಮಗಳು ನನ್ನ ಮುಖ ನೋಡಿದಳು.

"ಕಣ್ಣ ಉರಿಯಾಕತ್ತಾವೇನಬೇ?"

ತುಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಭಾಳ" ಎಂದೆ.