ನೊಣಗಳ ಅಡುಗೆಯ ಭೀಮಶಾ

ನೊಣಗಳಿಗೆ ಮಾಡಿದ ಅಡುಗೆಯನ್ನು ಮೊದಲು ತಾನು ನೆಕ್ಕಿ ನೋಡುವ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ. ಹವಳಗಾದ ಭೀಮಶಾ ಕಾಕಾ, ಸಂಶೋಧನೆಗೆಂದು ನೊಣ ಸಾಕುವ ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯದ ದಿನಗೂಲಿ ಜವಾನ. ಜೋಳದ ಹಿಟ್ಟು, ಬೆಲ್ಲ, ಯೀಸ್ಟ್ ಹಾಕಿ ಕುದಿಸಿ, ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದ. ನಾವು ಸಂಶೋಧನಾ ವಿದ್ಯಾರ್ಥಿಗಳು ಬಿದ್ದು ಬಿದ್ದು ನಗುತ್ತಿದ್ದೆವು.

"ನಾ ತಿನ್ನಲಾರದ್ದು ಅವಕ್ಕ ಹ್ಯಾಂಗ ಹಾಕ್ಲಿ ಅಕ್ಕಾರ? ಅವೂ ಬಾಯಿದ್ದ ಜೀವಾನೇ ಅಲ್ರಿ?" ಅನ್ನುತ್ತಿದ್ದ.

ಅಪ್ಪನ ವಯಸ್ಸಿನವನನ್ನು ಹೀಗೆ ಏಕವಚನದಲ್ಲಿ ಕರೆಯುವುದನ್ನು ನಾನು ಕಲಿತದ್ದು ಮಟಕಿಯ ನಮ್ಮ ಮನೆಯಲ್ಲಿ. ಊರಾಚೆಯ ಓಣಿಯ ಅವನ ಜನರನ್ನು ನಮ್ಮಲ್ಲಿ ಹಾಗೇ ಕರೆಯುತ್ತಾರೆ. ಬರೆಯುವಾಗಲೂ ಆ ಚಾಳಿ ಹೋಗಿಲ್ಲ.

ರೆಕ್ಕೆ ಮೂಡುವಾಗ ಒಂದು ಜೀವಕೋಶ ತನ್ನ ಪಕ್ಕದ ಕೋಶಕ್ಕೆ ಏನು ಹೇಳುತ್ತದೆ, ಆ ಮಾತು ಮುಟ್ಟದಿದ್ದರೆ ಏನಾಗುತ್ತದೆ ಎಂದು ನೋಡುವುದು ನಮ್ಮ ಕೆಲಸವಾಗಿತ್ತು. ಮಾತು ಮುಟ್ಟದ ನೊಣದ ರೆಕ್ಕೆಯ ಅಂಚು ಹರಿದಂತಿರುತ್ತದೆ. ಎರಡು ವರ್ಷ ಹುಡುಕಿದರೂ ನನಗೆ ಅಂಥದ್ದೊಂದು ಸಿಕ್ಕಿರಲಿಲ್ಲ. ಎಣಿಸಿದ ನೊಣಗಳನ್ನು ಎಣ್ಣೆಯ ಶೀಷೆಗೆ ಸುರಿದು ಕೊಲ್ಲುವುದು ವಾಡಿಕೆ. ಒಂದು ದಿನ ನಾನು ಸುರಿಯುವಾಗ ಭೀಮಶಾ ನನ್ನ ಕೈ ಹಿಡಿದ. "ತಡೀರಿ ಅಕ್ಕಾರ, ಆ ಒಂದರ ರೆಕ್ಕಿ ಇಲಿ ಕಡದಂಗ ಅದ ನೋಡ್ರಿ." ನನ್ನ ಇಡೀ ಪ್ರಬಂಧ ಹುಟ್ಟಿದ್ದು ಆ ಒಂದು ನೊಣದಿಂದ ಬೆಳೆಸಿದ ತಳಿಯಿಂದ. ಕೃತಜ್ಞತೆಯ ಪುಟದಲ್ಲಿ ನನ್ನ ಸೋದರಮಾವನ ಹೆಸರಿದೆ, ಭೀಮಶಾನದಿಲ್ಲ.

ಹದಿನೈದು ದಿನಕ್ಕೊಮ್ಮೆ ನೊಣಗಳನ್ನು ಹಳೆಯ ಬಾಟಲಿಯಿಂದ ಹೊಸ ಊಟದ ಬಾಟಲಿಗೆ ದಾಟಿಸಬೇಕು, ಇಲ್ಲದಿದ್ದರೆ ಆ ತಳಿ ಅಳಿಯುತ್ತದೆ. ಬಾಟಲಿಗಳಿಗೆ ಸದಾ ಬರ, ಹಾಗಾಗಿ ಹಳೆಯವನ್ನು ಅವತ್ತೇ ತೊಳೆದುಬಿಡುತ್ತಿದ್ದೆವು. ಒಂದು ಸಲ ಹಿಟ್ಟು ಮುಗಿದಿತ್ತು, ಹೊಸದು ಬಂದಿರಲಿಲ್ಲ. ಗೈಡ್ ಸರ್ ಮುಂದೆ ಮೆರೆಯಲು ನಾನು ಮಟಕಿಗೆ ಹೋದೆ. ಅವ್ವ ಆಳಂದಕ್ಕೆ ಹೋಗಿದ್ದಳು. ಕೋಣೆಯಲ್ಲಿ ಕೈಗೆ ಸಿಕ್ಕ ಚೀಲದ ಜೋಳವನ್ನು ಹಾಗೇ ಗಿರಣಿಗೆ ಹಾಕಿಸಿ ತಂದೆ. ಅದು ಬಿತ್ತಲು ಇಟ್ಟ ಬೀಜ, ನುಸಿ ಹತ್ತದಂತೆ ಪುಡಿ ಔಷಧ ಕಲಸಿದ್ದು. ಒಕ್ಕಲು ಮನೆಯ ಮಗಳಾಗಿ ಅದು ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಭೀಮಶಾ ಕುದಿಸಿದ, ನೆಕ್ಕಿದ, ಉಗುಳಿದ.

"ಅಕ್ಕಾರ, ಔಷಧದ ವಾಸನಿ ಬರಾಕತ್ತದ್ರಿ. ಬ್ಯಾಡ್ರಿ ಇದು."

"ನಮ್ಮ ಮನಿ ಜ್ವಾಳ ವಾಸನಿ ಬರ್ತದಂತೀ? ನಿಮ್ಮ ಮಂದಿಗೆ ನಮ್ಮ ಮನಿ ಜ್ವಾಳ ಯಾವಾಗಿಂದ ವಾಸನಿ ಹತ್ಲಿಕ್ಕತ್ತದೋ?" ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಅವನು ಸೌಟು ಎತ್ತಿಕೊಂಡ. ಹೊಸ ಬಾಟಲಿಗಳಿಗೆಲ್ಲ ಸುರಿದು, ಆರಿದ ಮೇಲೆ ನೊಣಗಳನ್ನು ದಾಟಿಸಿದ. ಸಂಜೆ ನಳದ ಹತ್ತಿರ ಕೂತು ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನೋಡಿದೆ. ಹೊರಗೆ ಏನೋ ತಿಂದಿರಬೇಕು ಅಂದುಕೊಂಡು ಬಸ್ಸಿಗೆ ಹೋದೆ.

ಮರುದಿನ ಎಲ್ಲ ನೊಣಗಳೂ ಬಾಟಲಿಯ ತಳದಲ್ಲಿ ಅಂಗಾತ ಬಿದ್ದಿದ್ದವು. ಗೈಡ್ ಸರ್ ತಮ್ಮ ವಿದ್ಯಾರ್ಥಿ ದಿನಗಳಿಂದ ಕಾಪಾಡಿಕೊಂಡು ಬಂದ ತಳಿಗಳೂ ಹೋಗಿದ್ದವು. ಉಳಿದದ್ದು ನನ್ನ ಹರಿದ ರೆಕ್ಕೆಯ ನೊಣಗಳು ಮಾತ್ರ. ಅವನ್ನು ಭೀಮಶಾ ದಾಟಿಸಿರಲೇ ಇಲ್ಲ, ನನಗೂ ಹೇಳದೆ ಹಳೆಯ ಬಾಟಲಿಯಲ್ಲೇ ಬಿಟ್ಟಿದ್ದ.

ಆ ಉಪಕಾರವೇ ಅವನ ಕುತ್ತಿಗೆಗೆ ಬಂತು. "ಊಟ ಕೆಟ್ಟದ್ದು ಅಂತ ಗೊತ್ತಿದ್ದೂ ಹಾಕೀದಿ. ಇಲ್ಲಂದ್ರ ಇವಿಷ್ಟೇ ಯಾಕ ಉಳಸ್ದಿ?" ಎಂದು ಸರ್ ಕೂಗಾಡಿದರು. "ಹಿಟ್ಟು ಯಾರು ತಂದ್ರು?"

ಭೀಮಶಾ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅಡಗಿ ನಂದ್ರಿ, ಸಾಹೇಬ್ರ," ಅಂದ.

ಹದಿನಾರು ವರ್ಷ ದಿನಗೂಲಿ ಮಾಡಿದವನ ಕಾಯಂ ಕಡತ ಆ ವಾರ ಸರ್ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಮ್ಮೆದುರೇ ಅದನ್ನು ಹರಿದರು. "ಇಂಥಾ ನೊಣಾ ಮತ್ತ ಸಿಗಂಗಿಲ್ಲ. ಮಂದಿ ಬೇಕಾದಷ್ಟು ಸಿಗ್ತಾರ," ಅಂದರು. ನಾವೆಲ್ಲ ತಲೆಯಾಡಿಸಿದೆವು. ಭೀಮಶಾ ತನ್ನ ಡಬ್ಬಿ ಚೀಲ ಹಿಡಿದು ಹೊರಗೆ ಬಾಗಿಲ ಬಳಿ ಬಹಳ ಹೊತ್ತು ನಿಂತ. ಸರ್ ಮನಸ್ಸು ಕರಗಲೆಂದು ಕಾಯುತ್ತಿದ್ದಾನೆ ಎಂದು ನಾವು ನಕ್ಕೆವು. ಆಮೇಲೆ ಹೋದ. ಪಕ್ಕದ ಕೋಶಕ್ಕೆ ಮಾತು ಮುಟ್ಟಿಸುವ ವಿಷಯದಲ್ಲಿ ನನಗೆ ಡಾಕ್ಟರೇಟ್ ಬಂತು. ಈಗ ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಅಲ್ಲೂ ನಾಲ್ಕು ಬಾಟಲಿ ನೊಣ ಸಾಕಿದ್ದೇನೆ.

ಹೋದ ಚಳಿಗಾಲ ಪರೀಕ್ಷೆಯ ಕೆಲಸಕ್ಕೆ ಅಫಜಲಪುರಕ್ಕೆ ಹೋದಾಗ ರಸ್ತೆ ಬದಿಯ ಬೆಲ್ಲದ ಗಾಣದಲ್ಲಿ ಅವನು ಕಂಡ. ದೊಡ್ಡ ಕಡಾಯಿಯ ಮುಂದೆ ನಿಂತು, ಅದೇ ರೀತಿ ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕುತ್ತಿದ್ದ. ಮುದುಕನಾಗಿದ್ದ.

"ಹುಳಾ ಆರಾಮ ಅದಾವೇನ್ರಿ ಅಕ್ಕಾರ?" ಎಂದು ಕೇಳಿದ.

"ಅದಾವ, ಕಾಕಾ." ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಕಡೆಗೆ, "ಅವತ್ತು ಬಾಗಿಲಾಗ ಅಷ್ಟೊತ್ತು ಯಾಕ ನಿಂತಿದ್ದಿ? ಸರ್ ಮನಸ್ಸು ಕರಗೋದಲ್ಲ ಅಂತ ಗೊತ್ತಿರ್ಲಿಲ್ಲೇನು?" ಅಂದೆ.

"ಸಾಹೇಬ್ರ ಸಲುವಾಗಿ ಅಲ್ರಿ," ಅಂದ. "ನೀವು ಹೊರಗ ಬರ್ತೀರಿ ಅಂತ ನಿಂತಿದ್ದೆ."

ಕ್ಷಮಿಸು ಅನ್ನುವಷ್ಟು ಹೊತ್ತು ಇತ್ತು. ನಾನು ಬಸ್ಸಿಗೆ ತಡವಾಯಿತು ಅಂದೆ. ಅವನು ಬಿಸಿ ಬೆಲ್ಲದ ಉಂಡೆ ಮುರಿದು, ಒಂದು ಚೂರು ತಾನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ನೆಕ್ಕಿ ನೋಡೀನ್ರಿ. ತಿನ್ರಿ."

ಹೋದ ತಿಂಗಳು ಭೀಮಶಾ ತೀರಿಕೊಂಡ ಸುದ್ದಿ ಬಂತು. ಆ ಬೆಲ್ಲವನ್ನು ಅವತ್ತು ನಾನು ದಾರಿಯಲ್ಲಿ ತಿನ್ನಲಿಲ್ಲ. ಜೇವರ್ಗಿಗೆ ತಂದು, ಒಂದು ಚೂರನ್ನು ಮೊದಲು ನೊಣಗಳ ಬಾಟಲಿಗೆ ಹಾಕಿ ಎರಡು ದಿನ ಕಾದೆ. ಒಂದೂ ಸಾಯಲಿಲ್ಲ.