ಬೀ-ಯುನ್ ಮನೆಯ ಡಿ ಡ್ರೈವ್

"ನಾನು ಬಚ್ಚಿಟ್ಟ ಡ್ರೈವನ್ನ ಯಮನ ಗುಮಾಸ್ತನೂ ಹುಡುಕಲಾರ!" ಎಂದು ಕಂಪ್ಯೂಟರ್ ರಿಪೇರಿಯ ಜಿನ್-ಫಾ ತೈವಾನಿನ ಜಿಯಾಯಿ ಪೇಟೆಯಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಅವನ ಸ್ಕ್ರೂಡ್ರೈವರ್ ಕಂಡರೆ ಸಾಕು, ಸತ್ತ ಕಂಪ್ಯೂಟರುಗಳು ಎದ್ದು ಕೂತು ಚಹಾ ಕೇಳುತ್ತಿದ್ದವಂತೆ.

ಟರ್ಕಿ ಕೋಳಿ ಅನ್ನದ ಅಂಗಡಿಯ ಬೀ-ಯುನ್ ತನ್ನ ಗಂಡ ಸತ್ತಾಗ ಅಳಲಿಲ್ಲ. ಏಳನೆಯ ದಿನದ ಪೂಜೆಯಲ್ಲಿ ಸತ್ತವರಿಗಾಗಿ ಸುಡುವ ಕಾಗದದ ಕಮಲ ಮಡಿಚುತ್ತ ಕೂತಳು. ಮಡಿಚಿದ್ದನ್ನೆಲ್ಲ ಹರಡಿದ್ದರೆ ತೈವಾನ್ ಜಲಸಂಧಿಗೇ ಮುಚ್ಚಳವಾಗುತ್ತಿತ್ತು. ಯಾರೋ ಗಂಜಿ ತಂದಿಟ್ಟರು, ಅದು ಆರಿತು. ಯಾರೋ ತೆಗೆದುಕೊಂಡು ಹೋದರು.

ಗಂಡನ ಗೆಳೆಯ ಜಿನ್-ಫಾ ಬಂದ. "ಅತ್ತಿಗೆ, ಅಣ್ಣನ ಕಂಪ್ಯೂಟರಿಗೆ ವೈರಸ್ ಬಂದಿದ್ಯಂತೆ. ಒಂದು ಸಲ ನೋಡ್ಲಾ?"

"ಸತ್ತವರ ಕಂಪ್ಯೂಟರಿಗೂ ನೆಗಡಿಯಾ? ನೋಡಪ್ಪ."

ಅವನು ಯಾಕೆ ಬಂದನೆಂದು ಅವಳಿಗೆ ಗೊತ್ತಿತ್ತು. ನಾನು ಸತ್ತರೆ ಡಿ ಡ್ರೈವ್ ಅಳಿಸಿಬಿಡು ಎಂದು ಈ ಊರಿನ ಗಂಡಸರೆಲ್ಲ ಗೆಳೆಯರಿಂದ ಭಾಷೆ ತೆಗೆದುಕೊಂಡಿರುತ್ತಾರೆ. ಗಂಡನ ಡಿ ಡ್ರೈವಿನಲ್ಲಿ ಬಟ್ಟೆಯಿಲ್ಲದ ಹೆಂಗಸರ ಚಿತ್ರಗಳಿದ್ದವು. ಅವರ ಮಧ್ಯೆಯೇ, ಗಂಡ ತಾನೇ ಹಾಡಿ, ನಾಚಿಕೆಪಟ್ಟು ಯಾರಿಗೂ ಕೇಳಿಸದೆ ರೆಕಾರ್ಡ್ ಮಾಡಿಟ್ಟ ಹಾಡುಗಳಿದ್ದವು. ಕೋಳಿಗಳೂ ಕಿವಿ ಮುಚ್ಚಿಕೊಳ್ಳುವಂಥ ದನಿ. ಆ ದನಿ ಉಳಿದಿದ್ದದ್ದು ಅಲ್ಲಿ ಮಾತ್ರ.

ಬೀ-ಯುನ್ ಕಮಲ ಮಡಿಚುತ್ತಲೇ ಪರದೆಯತ್ತ ನೋಡಿದಳು. 'ಡಿ ಡ್ರೈವಿನಲ್ಲಿರುವುದೆಲ್ಲ ಅಳಿಸಲೇ?' ಎಂದು ಕಂಪ್ಯೂಟರ್ ಕೇಳಿತು. ಎದ್ದು ತಡೆಯಬೇಕೆಂದುಕೊಂಡಳು, ಕಾಲು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿತ್ತು. ಜಿನ್-ಫಾನ ಬೆರಳು ಮೌಸಿನ ಮೇಲೆ ನಿಂತಿತು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಮೂಗೊರೆಸಿಕೊಂಡ. 'ಬೇಡ' ಒತ್ತಿದ. ಆಮೇಲೆ ಡ್ರೈವಿಗಿದ್ದ 'ಡಿ' ಅಕ್ಷರವನ್ನಷ್ಟೇ ಕಿತ್ತುಹಾಕಿದ. ಹೆಸರು ಹೋದ ಡ್ರೈವ್ ಪರದೆಯಿಂದ ಮಾಯವಾಯಿತು.

"ಡಿ ಡ್ರೈವ್ ಸುಟ್ಟುಹೋಗಿದೆ ಅತ್ತಿಗೆ. ಬ್ರಹ್ಮ ಬಂದ್ರೂ ಆಗಲ್ಲ."

ಕೈಲಿದ್ದ ಕಮಲ ಮುಗಿಸಿ ಬೀ-ಯುನ್ ಎದ್ದಳು. ಅವನನ್ನು ಪಕ್ಕಕ್ಕೆ ಸರಿಸಿ, ಸೊಪ್ಪು ಸೋಸುವಷ್ಟೇ ಸಲೀಸಾಗಿ ಡಿಸ್ಕುಗಳ ಪಟ್ಟಿ ತೆರೆದು, ಹೆಸರಿಲ್ಲದ್ದನ್ನು ಆರಿಸಿ, ಮತ್ತೆ 'ಡಿ' ಕೊಟ್ಟಳು. ಡ್ರೈವ್ ಬಂತು. ಹಾಡು ಶುರುವಾಯಿತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ.

ಜಿನ್-ಫಾ ಬಾಯಿ ತೆರೆದ. ಅದರೊಳಗೆ ಸ್ಕೂಟರ್ ನಿಲ್ಲಿಸಬಹುದಿತ್ತು. "ಅತ್ತಿಗೆ... ಇದನ್ನ ಯಾರು ಹೇಳಿಕೊಟ್ರು?"

"ನೀನು ಅವರಿಗೆ ಬಚ್ಚಿಡೋದು ಹೇಳಿಕೊಟ್ಟೆ. ಅವರು ಕೋಳಿ ತರೋಕೆ ಹೋದಾಗೆಲ್ಲ ನಾನು ಅಕ್ಷರ ಹಾಕಿ, ಹಾಡು ಕೇಳಿ, ವಾಪಸ್ ತೆಗೆದಿಡ್ತಿದ್ದೆ. ಅವರು ಹೋದ್ಮೇಲೆ ತೆಗೆದಿರ್ಲಿಲ್ಲ ಅಷ್ಟೆ."

"ನಾನು ಬಚ್ಚಿಟ್ಟಿದ್ದು ಯಮನಿಗೂ..."

"ಯಮನಿಗೆ ಅಂಗಡಿ ನಡೆಸೋ ಹೆಂಡತಿ ಇಲ್ಲ ಕಣೋ. ಕೂತ್ಕೊ, ಕಮಲ ಮಡಿಚು."