ಖಾಲಿ ಮನೆಗೆ ಮೂರು ಕೂಗು

ಕಳೆದ ಶನಿವಾರ, ಕೆನಡಾದ ಸರೋವರವೊಂದರ ದಂಡೆಯಲ್ಲಿರುವ ಪೋರ್ಟ್ ಕ್ರೆಡಿಟ್‌ನ ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ತರಕಾರಿ ಅಂಗಡಿಗೆ ರೂಬಾರ್ಬ್ ಬಂದಿತ್ತು. ಮೊಳದುದ್ದದ ಕೆಂಪು ದಂಟುಗಳು. ಎಲೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದರು. ಇಲ್ಲಿನವರು ಅದಕ್ಕೆ ಬೊಗಸೆಗಟ್ಟಲೆ ಸಕ್ಕರೆ ಸುರಿದು ಪೈ ಮಾಡುತ್ತಾರೆ. ನಾನು ಒಂದು ಕಟ್ಟನ್ನು ಎತ್ತಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಗುರಿನಿಂದ ತುದಿ ಚಿವುಟಿ ಮೂಸಿದೆ. ಆ ಹಸಿ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ನೀರು ಬಂತು. ಹಿಂದೆಯೇ ಕಣ್ಣಲ್ಲೂ ಬಂತು. ಕ್ಯಾಶಿನಲ್ಲಿದ್ದ ಹುಡುಗಿ ಅಲರ್ಜಿಯಾ ಎಂದು ಕೇಳಿದಳು. ಹೌದೆಂದೆ. ಮಾಮಿಯ ವಿಷಯ ಹೇಳಲು ಹೊರಟಿದ್ದರೆ ನನ್ನ ಹಿಂದಿನ ಕ್ಯೂ ಸರೋವರದ ದಂಡೆಯ ತನಕ ಬೆಳೆಯುತ್ತಿತ್ತು.

ಮಾಮಿ ನನಗೆ ಸಂಬಂಧಿಕರೇನಲ್ಲ. ೨೦೧೫ರಲ್ಲಿ ಗದಗಿನಿಂದ ಓದಲು ಬಂದ ನಾನು ಮಾರ್ಕಮ್‌ನಲ್ಲಿ ಬಾಡಿಗೆಗೆ ಹಿಡಿದ ಬೇಸ್‌ಮೆಂಟಿನ ಯಜಮಾನಿ. ಉಡುಪಿ ಹತ್ತಿರದ ಕಟಪಾಡಿಯವರು, ಮನೆಮಾತು ತುಳು. ಆಗಲೇ ಅರವತ್ತೈದು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಗಳು ಕ್ಯಾಲ್ಗರಿಯಲ್ಲಿದ್ದಳು. ಒಂದು ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ದುಡಿದು ರಿಟೈರ್ ಆಗಿದ್ದರು. ಮೊದಲ ದಿನ ನಾನು ‘ಆಂಟಿ’ ಎಂದಾಗ ಮುಖ ಸಿಂಡರಿಸಿ, “ಆಂಟಿ ಅಂತ ಇಲ್ಲಿ ದಾರಿಯಲ್ಲಿ ಹೋಗುವವರನ್ನೂ ಕರೀತಾರೆ. ನೀನು ಮಾಮಿ ಅನ್ನು” ಎಂದರು. ಮುಂಬಾಗಿಲು ಅವರದು, ಬೇಸ್‌ಮೆಂಟಿಗೆ ಇಳಿಯುವ ಸೈಡ್ ಡೋರು ನನ್ನದು. ಬೆಳಿಗ್ಗೆ ಎದ್ದು ಮುಂಬಾಗಿಲ ಮೆಟ್ಟಿಲು ಗುಡಿಸದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಹಿಮ ಬಿದ್ದ ದಿನವೂ ಅಷ್ಟೇ. ಮೆಟ್ಟಿಲು ಗುಡಿಸದ ಮನೆ ಅವರ ಪ್ರಕಾರ ಮನೆಯೇ ಅಲ್ಲ.

ಅವರಿಗೊಂದು ವಿಚಿತ್ರ ಹುಚ್ಚಿತ್ತು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನೀರುದೋಸೆ ಹೊಯ್ಯುತ್ತ, ಅಮೆರಿಕದ ಪಾಳುಬಿದ್ದ ಊರುಗಳ ವಿಡಿಯೋ ನೋಡುವುದು! ಫ್ಯಾಕ್ಟರಿ ಮುಚ್ಚಿ, ಜನ ಊರು ಬಿಟ್ಟು, ಬೀದಿಗೆ ಬೀದಿಯೇ ಖಾಲಿಯಾದ ಊರುಗಳು. ಅಲ್ಲಿನ ಮನೆಗಳೊಳಗೆ ಯಾರೋ ಟಾರ್ಚ್ ಹಿಡಿದು ನುಗ್ಗಿ, ತೇವ ಹಿಡಿದ ಪಿಯಾನೋ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಮಕ್ಕಳ ಎತ್ತರದ ಗುರುತು, ಇನ್ನೂ ಮೇಜಿನ ಮೇಲೇ ಇರುವ ಕಪ್ಪು-ಸಾಸರು ಎಲ್ಲ ತೋರಿಸುತ್ತಿದ್ದರು. ಮಾಮಿ ಅವರನ್ನು ಬೈಯುತ್ತಲೇ ಪೂರ್ತಿ ನೋಡುತ್ತಿದ್ದರು.

“ನೋಡು ಮಾರಾಯ್ತಿ, ಬೂಟು ಹಾಕ್ಕೊಂಡೇ ಒಳಗೆ ಹೋದ! ಬಾಗಿಲಲ್ಲಿ ನಿಂತು ಒಂದು ಕೂಗು ಹಾಕ್ಲಿಕ್ಕೆ ಆಗುದಿಲ್ವಾ ಇವನಿಗೆ? ಮನೆ ಅಲ್ವಾ ಅದು?”

ಅಷ್ಟರಲ್ಲಿ ದೋಸೆ ಸೀದಿರುತ್ತಿತ್ತು.

ಅಮೆರಿಕಕ್ಕೆ ಹೋಗಲು ನನಗೆ ವೀಸಾ ಇರಲಿಲ್ಲ. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ಆದರೆ ಖಾಲಿ ಮನೆ ನೋಡಲು ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ಮಾರ್ಕಮ್‌ನ ಉತ್ತರದ ಅಂಚಿನಲ್ಲಿ ಹೊಸ ಬಡಾವಣೆಗಳಿಗೆಂದು ಹೊಲಗಳನ್ನೆಲ್ಲ ಕೊಂಡು, ರೈತರ ಹಳೆಯ ಮನೆಗಳ ಕಿಟಕಿಗೆ ಪ್ಲೈವುಡ್ ಹೊಡೆದು ಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ನನ್ನ ಕಾಫಿ ಅಂಗಡಿಯ ಶಿಫ್ಟು ಮುಗಿದ ಕೂಡಲೇ ಮಾಮಿಯ ಹಳೆಯ ನೀಲಿ ಕಾರು ಅತ್ತ ಹೊರಡುತ್ತಿತ್ತು. ಇದಕ್ಕೆ ಅವರು ಇಟ್ಟ ಹೆಸರು ‘ಮಾತಾಡಿಸಿ ಬರುವುದು’. ಕಾಯಿಲೆಯವರನ್ನು, ಬಾಣಂತಿಯರನ್ನು ಮಾತಾಡಿಸಿ ಬರುವುದಿಲ್ಲವೇ, ಹಾಗೆ.

ಅದಕ್ಕೆ ನಿಯಮಗಳಿದ್ದವು. ‘ಪ್ರವೇಶವಿಲ್ಲ’ ಎಂಬ ಬೋರ್ಡಿದ್ದರೆ ಗೇಟಿನಿಂದಲೇ ನಮಸ್ಕಾರ. ನನ್ನ ಸ್ಟೂಡೆಂಟ್ ವೀಸಾದ ಮೇಲೆ ಅವರಿಗೆ ನನಗಿಂತ ಹೆಚ್ಚು ಕಾಳಜಿ. ಮನೆಯೊಳಗಿನ ಒಂದು ಚಮಚವನ್ನೂ ಮುಟ್ಟುವಂತಿಲ್ಲ. ಹಿತ್ತಲಿನಿಂದ ಒಂದು ಗಿಡವನ್ನೋ ಹೂವಿನ ಗೆಡ್ಡೆಯನ್ನೋ ತರಬಹುದು, ಅದೂ ಆ ಮನೆಯನ್ನು ಕೇಳಿಕೊಂಡು. ಹೊರಗಿನ ಚಪ್ಪಲಿ ಹಾಕಿಕೊಂಡು ಹೊಸ್ತಿಲು ದಾಟುವಂತಿಲ್ಲ. ಒಳಗೆ ಗಾಜಿನ ಚೂರು ಬಿದ್ದಿರುತ್ತದೆ, ಬರಿಗಾಲಿನಲ್ಲೂ ಹೋಗುವಂತಿಲ್ಲ. ಅದಕ್ಕೇ ಕಾರಿನ ಡಿಕ್ಕಿಯಲ್ಲಿ ಎರಡು ಜೊತೆ ತೊಳೆದ ಸ್ಲಿಪ್ಪರುಗಳು. ಪಾಳುಮನೆಗಳ ಒಳಗೆ ಮಾತ್ರ ಹಾಕುವುದಕ್ಕೆ! ಇದನ್ನು ನಾನು ಕಾಲೇಜಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ.

ಎಲ್ಲಕ್ಕಿಂತ ಮುಖ್ಯ ನಿಯಮ, ಮುಂಬಾಗಿಲಲ್ಲಿ ನಿಂತು ಮೂರು ಸಲ ಕೂಗುವುದು. ಮೊದಲು ಇಂಗ್ಲಿಷಿನಲ್ಲಿ ‘ಹಲೋ’. ಆಮೇಲೆ ಕನ್ನಡದಲ್ಲಿ ‘ಯಾರಿದ್ದೀರಿ?’ ಕೊನೆಗೆ ತುಳುವಿನಲ್ಲಿ ‘ಏರ್ ಉಲ್ಲೆರ್?’ ಮನುಷ್ಯರಿದ್ದರೆ ಮೊದಲನೆಯದಕ್ಕೇ ಬರುತ್ತಾರೆ, ಮೂರನೆಯದು ಮನುಷ್ಯರಲ್ಲದವರಿಗೆ ಎಂದು ಮಾಮಿಯ ವಿವರಣೆ. ಅವರ ಊರಿನಲ್ಲಿ ದೈವಗಳು ಮಾತಾಡುವುದು ತುಳುವಿನಲ್ಲೇ ತಾನೆ?

“ಮಾಮಿ, ಕೆನಡಾದ ದೆವ್ವಕ್ಕ ತುಳು ಬರ್ತೈತೇನ್ರಿ?” ಎಂದು ನಾನೊಮ್ಮೆ ಕೇಳಿದೆ.

“ಬರದಿದ್ರೆ ಕಲೀಲಿ. ನಾನು ಇಷ್ಟು ಪ್ರಾಯ ಆದ್ಮೇಲೆ ಇಂಗ್ಲಿಷ್ ಕಲೀಲಿಲ್ವಾ?”

ನಾನು ಬಂದ ಮರುವರ್ಷದ ಜೂನ್ ಇರಬೇಕು. ಒಂದು ಕೆಂಪು ಇಟ್ಟಿಗೆಯ ಮನೆ ಸಿಕ್ಕಿತು. ಬೋರ್ಡಿಲ್ಲ, ಪ್ಲೈವುಡ್ಡೂ ಇಲ್ಲ. ಆದರೆ ಮುಂದಿನ ಮೆಟ್ಟಿಲುಗಳ ಸಂದಿಯಲ್ಲಿ ಮೊಣಕಾಲೆತ್ತರ ಹುಲ್ಲು, ಬಾಗಿಲ ಚೌಕಟ್ಟಿನ ತುಂಬ ಜೇಡರ ಬಲೆ. ಮಾಮಿಯ ಪರೀಕ್ಷೆಯಲ್ಲಿ ಮನೆ ನಪಾಸಾಯಿತು. “ಪಾಪ, ಬಿಟ್ಟು ಹೋಗಿ ವರ್ಷಗಟ್ಟಲೆ ಆಗಿದೆ ಇದನ್ನು” ಎಂದು ಲೊಚಗುಟ್ಟಿದರು. ಮೂರು ಕೂಗೂ ಆಯಿತು, ಉತ್ತರವಿಲ್ಲ. ಬಾಗಿಲಿಗೆ ಬೀಗ. ಸರಿ, ಹಿತ್ತಲನ್ನಾದರೂ ನೋಡೋಣವೆಂದು ಹಿಂದಕ್ಕೆ ಹೋದೆವು.

ಅಲ್ಲಿತ್ತು ಅದು. ಕೆಂಪು ದಂಟು, ಆನೆಕಿವಿಯಷ್ಟು ಎಲೆ, ಎತ್ತಿನ ಗಾಡಿಯ ಗಾಲಿಯಷ್ಟು ಅಗಲಕ್ಕೆ ಹರಡಿದ ಬುಡ. ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ಒಂದು ದಂಟು ಮುರಿದು ನಾಲಗೆಗೆ ಹಚ್ಚಿದೆ... ದೇವರೇ! ನಮ್ಮ ಕಡೆಯ ಹುಳಿ ಸೊಪ್ಪಾದ ಪುಂಡಿಪಲ್ಯ ತಿಂದು ವರ್ಷ ಕಳೆದಿದ್ದ ಗದಗಿನವಳ ಪಾಡು ಏನಾಗಬೇಡ? “ಮಾಮಿ, ಪುಂಡಿ ಇದ್ದಂಗ ಐತ್ರಿ!” ಎಂದು ಕೂಗಿ, ಸೆರಗಿಲ್ಲದ್ದಕ್ಕೆ ಜಾಕೆಟ್ಟನ್ನೇ ಹಾಸಿ, ಎಲೆಗಳನ್ನು ಕೊಯ್ದು ಗುಡ್ಡೆ ಹಾಕತೊಡಗಿದೆ. ಪುಂಡಿಯಲ್ಲಿ ಬೇಕಾದದ್ದು ಎಲೆಯಲ್ಲವೇ? ದಂಟುಗಳನ್ನೆಲ್ಲ ಆಚೆ ಎಸೆದೆ.

“ಎಲೆ ಬೇಡ! ಎಲೆ ವಿಷ!”

ಇಂಗ್ಲಿಷಿನ ಗುಡುಗು. ನೋಡಿದರೆ ಮನೆಯ ಸೈಡ್ ಡೋರು ತೆರೆದಿದೆ, ಎಂಬತ್ತು ದಾಟಿದ ಬಿಳಿಯ ಮುದುಕರೊಬ್ಬರು ಒಂದು ಕೈಯಲ್ಲಿ ಚಹದ ಮಗ್ಗು ಹಿಡಿದು, ಇನ್ನೊಂದನ್ನು ಬೀಸುತ್ತ ಬರುತ್ತಿದ್ದಾರೆ. ಆಗತಾನೆ ತುಳುವಿನಲ್ಲಿ ಕೂಗಿ ಬಂದಿದ್ದ ಮಾಮಿ, ಮೂರನೆಯ ಕೂಗಿಗೇ ಇದು ಎದ್ದು ಬಂದದ್ದೆಂದು ತಿಳಿದು, ಕಣ್ಣು ಮುಚ್ಚಿ ಕೈ ಮುಗಿದುಬಿಟ್ಟರು. ಮುದುಕರು ಗಾಬರಿಯಾಗಿ ತಾವೂ ಮಗ್ಗನ್ನು ಎತ್ತಿ ಏನೋ ಒಂಥರಾ ನಮಸ್ಕಾರ ಮಾಡಿದರು. ನಾನು ವಿಷದ ಎಲೆಗಳ ನಡುವೆ ಕೂತು ನಕ್ಕೆ, ಆಮೇಲೆ ವೀಸಾ ನೆನಪಾಗಿ ನಗು ನಿಲ್ಲಿಸಿದೆ.

ಅವರು ಪೊಲೀಸರನ್ನು ಕರೆಯಲಿಲ್ಲ, ಚಹಕ್ಕೆ ಕರೆದರು. ನಮ್ಮ ಮೂರು ಕೂಗೂ ಅವರಿಗೆ ಕೇಳಿಸಿತ್ತಂತೆ. ಆದರೆ ಹಳ್ಳಿಯ ಮನೆಯ ಮುಂಬಾಗಿಲಿಗೆ ಬರುವವರು ಧರ್ಮಪ್ರಚಾರಕರು, ಇಲ್ಲವೇ ಜಾಗದ ದಲ್ಲಾಳಿಗಳು. ಅದಕ್ಕೆ ಉಸಿರು ಬಿಗಿಹಿಡಿದು ಕೂತಿದ್ದರು. ಹೆಂಡತಿಯ ಶವ ಹೊರಗೆ ಹೋದ ದಿನ ಬಿಟ್ಟರೆ ಆ ಬಾಗಿಲನ್ನು ತೆಗೆದದ್ದೇ ನೆನಪಿಲ್ಲವಂತೆ. ಇಲ್ಲಿ ಬದುಕಿರುವವರು ಓಡಾಡುವುದು ಸೈಡ್ ಡೋರಿನಲ್ಲಿ. ಅದೇ ಬಾಗಿಲಿನಲ್ಲಿ ದಿನಾ ಓಡಾಡುತ್ತಿದ್ದ ನನಗಾದರೂ ಹೊಳೆಯಬಾರದಿತ್ತೇ!

ಜಾಗ ಆಗಲೇ ಮಾರಿಯಾಗಿತ್ತು. ಸೆಪ್ಟೆಂಬರಿನಲ್ಲಿ ಅವರು ಅರೋರಾ ಪಟ್ಟಣದಲ್ಲಿದ್ದ ಮಗಳ ಅಪಾರ್ಟ್‌ಮೆಂಟಿಗೆ ಹೋಗುವವರಿದ್ದರು, ನವೆಂಬರಿನಲ್ಲಿ ಮನೆ ಕೆಡವುವವರಿದ್ದರು. ಮನೆಯ ಬಗ್ಗೆ ಅವರಿಗೆ ಅಂಥ ದುಃಖವಿರಲಿಲ್ಲ, ತೊಲೆಗಳೆಲ್ಲ ಲಡ್ಡಾಗಿವೆ ಎಂದರು. ಸಂಕಟವಿದ್ದದ್ದು ಹಿತ್ತಲಿನ ರೂಬಾರ್ಬಿನದು. ಅವರು ಹುಟ್ಟಿದ ವರ್ಷ ಅವರ ತಾಯಿ ನೆಟ್ಟದ್ದು. ಪ್ರತಿ ವಸಂತದಲ್ಲಿ ತಾನಾಗಿಯೇ ಎದ್ದು ಬರುತ್ತದೆ. “ನಾನು ಜಾಗ ಮಾರಿದ್ದು ಅದಕ್ಕೆ ಗೊತ್ತಿಲ್ಲ ನೋಡಿ” ಎಂದು ಕಿಟಕಿಯಾಚೆ ನೋಡಿದರು. ಯಾರಾದರೂ ಒಯ್ಯಿರಿ ಎನ್ನೋಣವೆಂದರೆ ಮಗಳಿಗೆ ನೆಡಲು ನೆಲವಿಲ್ಲ, ನೆರೆಯವರೆಲ್ಲ ಮೊದಲೇ ಮಾರಿ ಹೋಗಿದ್ದಾರೆ.

“ನಾನು ತಕ್ಕೊಂಡು ಹೋಗ್ತೇನೆ ಅಂತ ಹೇಳು ಅವರಿಗೆ” ಎಂದರು ಮಾಮಿ ನನಗೆ. ಮರುಕ್ಷಣ, ಇಂಥ ಮಾತನ್ನು ಬೇರೆಯವರ ಬಾಯಿಂದ ಹೇಳಿಸಬಾರದೆನಿಸಿತೋ ಏನೋ, ತಾವೇ ತಮ್ಮ ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದರು. ಈಗ ಬೇಸಿಗೆಯಲ್ಲಿ ಕಿತ್ತರೆ ಸಾಯುತ್ತದೆ, ಅಕ್ಟೋಬರಿನಲ್ಲಿ ಮೊದಲ ಇಬ್ಬನಿ ಹೆಪ್ಪುಗಟ್ಟಿ ಎಲೆ ಬಾಡಿದ ಮೇಲೆ ಬನ್ನಿ, ಎಂದರು ಮುದುಕರು.

ಕಾರು ಹತ್ತುವಾಗ ಮಾಮಿ ಹಿಂದಿರುಗಿ ಆ ಮನೆಯನ್ನು ನೋಡಿದರು. “ಜನ ಇರುವ ಮನೆಯನ್ನು ಖಾಲಿ ಅಂತ ಹೇಳಿಬಿಟ್ಟೆನಲ್ಲ” ಎಂದರು. ಅಂದಿನಿಂದ ಒಂದು ಹೊಸ ನಿಯಮ ಸೇರಿತು. ಸೈಡ್ ಡೋರಿನಲ್ಲೂ ಕೂಗಬೇಕು.

ಅಕ್ಟೋಬರಿನ ಒಂದು ಬೆಳಿಗ್ಗೆ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿತ್ತು. ಗುದ್ದಲಿ, ಗೋಣಿಚೀಲ ಹಾಕಿಕೊಂಡು ಹೋದರೆ ಅಲ್ಲಿ ಮನೆಯೇ ಇಲ್ಲ! ಹೇಳಿದ್ದಕ್ಕಿಂತ ಮೊದಲೇ ಕೆಡವಿದ್ದರು. ಸುತ್ತಲೂ ಕಬ್ಬಿಣದ ಬೇಲಿ. ಒಳಗೆ ದೊಡ್ಡ ಜೆಸಿಬಿಯೊಂದು ಹಿತ್ತಲಿನ ಮಣ್ಣು ಬಗೆಯುತ್ತ ಬರುತ್ತಿದೆ. ನಾನು ಕಾರು ನಿಲ್ಲಿಸುವ ಮೊದಲೇ ಮಾಮಿ ಇಳಿದು, ಬೇಲಿ ಹಿಡಿದು, ಮೂರು ಭಾಷೆಯಲ್ಲೂ ಕೂಗಿದರು. ಆ ಸದ್ದಿನಲ್ಲಿ ಯಾವುದು ಕೇಳೀತು? ಕೊನೆಗೆ ತಲೆಯ ಶಾಲು ತೆಗೆದು ಬೀಸಿದರು. ಯಂತ್ರ ನಿಂತಿತು. ಇಳಿದು ಬಂದದ್ದು ನಡುವಯಸ್ಸಿನ ಸರ್ದಾರ್ಜಿ. ಮಾಮಿಯ ಹಿಂದಿ ಆ ದಿನ ಪ್ರವಾಹದಂತೆ ಹರಿಯಿತು.

“ಬೇಟಾ, ರುಕೋ! ವಹಾಂ ಮೇರಾ ಪೇಡ್ ಹೈ!”

ಆತ ಹಿಂತಿರುಗಿ ಬಯಲನ್ನೆಲ್ಲ ನೋಡಿದ. ಪೇಡ್ ಎಂದರೆ ಮರ. ಮರ ಎಲ್ಲಿದೆ? ಇದ್ದದ್ದು ಹಿಮಕ್ಕೆ ಸುಟ್ಟು ನೆಲಕ್ಕಂಟಿದ ಕಂದು ಎಲೆಗಳು ಮಾತ್ರ. “ಆಂಟಿಜಿ, ಕೌನ್ ಸಾ ಪೇಡ್?” ಮಾಮಿ ಬೆರಳು ತೋರಿಸುತ್ತ, ಮುದುಕರ ತಾಯಿ, ಹುಟ್ಟಿದ ವರ್ಷ, ಚಾಚಿದ ಕೈ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆತ ಗಡ್ಡ ಕೆರೆದುಕೊಂಡ. ಒಳಗೆ ಬಿಡುವ ಹಾಗಿಲ್ಲ, ಅಲ್ಲೇ ನಿಂತಿರಿ ಎಂದು ಹೋಗಿ ಯಂತ್ರ ಹತ್ತಿದ. ಅದರ ಆ ರಾಕ್ಷಸ ಕೈ ಮೆಲ್ಲನೆ ಇಳಿದು, ಮಣ್ಣಿನ ಸಮೇತ ಬುಡವನ್ನು ಮಲಗಿದ ಮಗುವಿನಂತೆ ಎತ್ತಿ, ಬೇಲಿಯ ಮೇಲಿಂದ ತಂದು ನಮ್ಮ ಕಾರಿನ ಪಕ್ಕ ಇಟ್ಟಿತು. ಮಾಮಿ ಚಪ್ಪಾಳೆ ತಟ್ಟಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಬುಡವನ್ನು ಗುದ್ದಲಿಯಿಂದ ಸೀಳಿ ತಂದು ಮಾಮಿಯ ಹಿತ್ತಲಿನಲ್ಲಿ ನೆಟ್ಟೆವು. ಒಂದು ತುಂಡನ್ನು ದೊಡ್ಡ ಬಕೆಟ್ಟಿಗೆ ಹಾಕಿ ಅರೋರಾದ ಆ ಬಾಲ್ಕನಿಗೆ ತಲುಪಿಸಿದೆವು. ಮುದುಕರು ಬಕೆಟ್ಟಿನ ಮಣ್ಣನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ನೆಟ್ಟ ಮೊದಲ ವರ್ಷ ಕೊಯ್ಯಬಾರದೆಂದು ಎಚ್ಚರಿಸಿದರು. ಅದರಾಚೆಯ ವರ್ಷ ಮಾಮಿ ಮೊದಲ ದಂಟುಗಳಲ್ಲಿ, ಊರಿನ ಹುಳಿಕಾಯಿ ಬಿಂಬುಳಿಯ ಬದಲು ಇದೇ ಇರಲಿ ಎಂದು, ಬೆಲ್ಲ, ಮೆಣಸು, ತೆಂಗಿನಕಾಯಿ ಅರೆದು ಗೊಜ್ಜು ಮಾಡಿ ಒಂದು ಬಾಟಲಿ ಅವರಿಗೂ ಒಯ್ದರು. ಮುದುಕರು ಒಂದು ಚಮಚ ತಿಂದು, ಕೆಂಪಾಗಿ, ನೀರು ಕುಡಿದು, ಇನ್ನೊಂದು ಚಮಚ ತಿಂದರು.

೨೦೧೮ರಲ್ಲಿ ಓದು ಮುಗಿಸಿ, ಕೆಲಸ ಸಿಕ್ಕಿ ನಾನು ಇತ್ತ ಪೋರ್ಟ್ ಕ್ರೆಡಿಟ್‌ಗೆ ಬಂದೆ. ವಾರಕ್ಕೊಮ್ಮೆ ಫೋನು. ಆಮೇಲೆ ಎರಡು ವಾರಕ್ಕೊಮ್ಮೆ... ಮೊನ್ನೆ ಜನವರಿಯಲ್ಲಿ ಮಾಮಿ ನಿದ್ದೆಯಲ್ಲೇ ಹೋದರು. ಆ ಹಿಂದಿನ ಭಾನುವಾರ ನಾನು ಫೋನ್ ಮಾಡಿರಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ರೂಬಾರ್ಬಿನ ಕಟ್ಟನ್ನು ಮನೆಗೆ ತಂದ ಸಂಜೆಯೇ ಕ್ಯಾಲ್ಗರಿಗೆ ಫೋನ್ ಮಾಡಿದೆ. ಮಾಮಿಯ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಮನೆ ಮಾರಿಯಾಗಿದೆ, ಕೊಂಡವರು ಹಿತ್ತಲಿಗೆಲ್ಲ ಕಲ್ಲು ಹಾಸುತ್ತಾರಂತೆ, ಬೇಕಾದ್ದನ್ನು ಈ ವಾರವೇ ತೆಗೆದುಕೋ ಎಂದಳು. ಮರುದಿನ ಬೆಳಿಗ್ಗೆ ಗುದ್ದಲಿ, ಬಕೆಟ್ಟು ಹಿಡಿದು ಮಾರ್ಕಮ್‌ಗೆ ಹೋದೆ. ಹಿತ್ತಲಿನಲ್ಲಿ ಕೆಂಪು ಮೊಗ್ಗುಗಳು ಮಣ್ಣೊಡೆದು ಆಗಲೇ ತಲೆ ಎತ್ತಿದ್ದವು. ಮನೆ ಮಾರಿದ್ದು ಅವಕ್ಕೂ ಗೊತ್ತಿರಲಿಲ್ಲ.

ಮುಂದಿನ ಮೆಟ್ಟಿಲ ಮೇಲೆ ಕಳೆದ ವರ್ಷದ ಮೇಪಲ್ ಎಲೆಗಳು ಕೊಳೆತು ಬಿದ್ದಿದ್ದವು. ಗುಡಿಸಿದೆ. ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದೆ, ಇಂಗ್ಲಿಷು, ಕನ್ನಡ, ನನ್ನ ಗದಗಿನ ತುಳು. ಉತ್ತರ ಬರಲಿಲ್ಲ. ಗುದ್ದಲಿ ಎತ್ತಿಕೊಂಡು ಹಿತ್ತಲಿಗೆ ಹೊರಟವಳಿಗೆ ಹೊಸ ನಿಯಮ ನೆನಪಾಯಿತು. ಗುದ್ದಲಿ ಕೆಳಗಿಟ್ಟು, ಮೂರು ವರ್ಷ ನಾನು ಓಡಾಡಿದ ಸೈಡ್ ಡೋರಿಗೆ ಹೋದೆ. ಅಲ್ಲಿ ಮೂರು ಸಲವೂ ತುಳುವಿನಲ್ಲೇ ಕೂಗಿದೆ. ಮೂರನೆಯದು ಮುಗಿದ ಮೇಲೂ, ಒಳಗಿನಿಂದ ಯಾರಾದರೂ ಬಾಗಿಲು ತೆಗೆಯಬಹುದೆಂದು ಸ್ವಲ್ಪ ಹೊತ್ತು ನಿಂತೇ ಇದ್ದೆ.